ಕೆರೆ ಇಲ್ಲದ ಕಾಲೇಜನ್ನು ಬೇಡವೆಂದವರು ಯಾರು

“ಓದು, ಆಟ, ಕೆರೆ ಮೂರೂ ಒಂದೇ ಕಡೆ ಇದ್ದ ಕಾಲೇಜು ಅದು. ಮುದುಕರ ಹಟಕ್ಕೆ ಹುಡುಗಿಗೆ ತಪ್ಪಿಹೋಯಿತು.”

ನಮ್ಮ ಬಂಧುಗಳ ಮದುವೆಯ ಪಂಕ್ತಿಗಳಲ್ಲಿ ವರ್ಷಾನುಗಟ್ಟಲೆ ಬಡಿಸಲಾಗುತ್ತಿರುವ ಕಥೆ ಇದು. ಹುಡುಗಿ ನನ್ನ ಮೊಮ್ಮಗಳು, ಮುದುಕ ನಾನು, ಕಥೆ ಹೇಳುವವನು ಅವಳ ತಂದೆ, ಅಂದರೆ ನನ್ನ ಮಗ. ಅವನು ನಗುತ್ತ ಹೇಳುತ್ತಾನೆ, ಕೇಳುವವರೂ ನಗುತ್ತಾರೆ. ನನಗೆ ನಗು ಬರುವುದಿಲ್ಲ. ನಾನು ಹಟಮಾರಿ ಎಂಬುದೊಂದನ್ನು ಬಿಟ್ಟರೆ ಇದರಲ್ಲಿ ಉಳಿದದ್ದೆಲ್ಲ ಸುಳ್ಳು.

ಮಾದಾಪುರದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ಕಂಪ್ಯೂಟರ್ ಕಲಿತವರಿಗೆಲ್ಲ ಕೆಲಸವಂತೆ ಎಂಬ ಮಾತು ಹಬ್ಬಿ, ಮಣಿಕೊಂಡದ ಆಚೆಗೆ ಬೇಲಿ ಹಾಕಿದ ಪ್ರತಿಯೊಂದು ಬಯಲಿಗೂ ಕಾಲೇಜಿನ ಬೋರ್ಡು ಬಿದ್ದಿತ್ತು. ಮೊಮ್ಮಗಳಿಗೆ ಅಂಕಗಳು ಚೆನ್ನಾಗಿ ಬಂದಿದ್ದವು. ಅದರ ಜೊತೆಗೆ ದೋಣಿಯ ಹುಚ್ಚು. ಶಾಲೆಯವರು ಹುಸೇನ್ ಸಾಗರಕ್ಕೆ ಕರೆದೊಯ್ದು ಹುಟ್ಟು ಹಾಕುವುದನ್ನು ಕಲಿಸಿದ್ದರು; ಅವಳ ಅಂಗೈ ಹಮಾಲರ ಅಂಗೈಯಂತೆ ಗಂಟುಗಟ್ಟಿತ್ತು. ಒಳ್ಳೆಯ ಪಾಠ ಬೇಕು, ಆದರೆ ಹುಟ್ಟು ಕೈಬಿಡಬಾರದು: ಅವಳು ಕೇಳಿದ್ದು ಇಷ್ಟೇ.

ನನ್ನ ಮಗ ಕಾಲೇಜು ನೋಡಲು ಹೋದದ್ದು, ನಮ್ಮ ಕಡೆ ಹೆಣ್ಣು ಕೊಡುವ ಮುನ್ನ ಮನೆತನ ನೋಡಲು ಹೋಗುವ ರೀತಿಯಲ್ಲಿ. ಜೀಪು ಮಾಡಿಕೊಂಡು, ನಾಲ್ಕು ಮಂದಿ ಹಿರಿಯರನ್ನು ಕೂಡಿಸಿಕೊಂಡು ಹೋದ. ಆಫೀಸಿನ ಸೋಫಾದ ಮೇಲೆ ಕುಳಿತು ಚಹಾ ಕುಡಿದರು. ಯಾವ ಊರು, ಯಾರ ಪೈಕಿ ಎಂದು ವಿಚಾರಿಸಿದರು. ಪ್ರವೇಶ ನೋಡಿಕೊಳ್ಳುವ ಗೃಹಸ್ಥ ಬೀದರ್ ಕಡೆಯವನು, ಕನ್ನಡ ಆಡುತ್ತಾನೆ ಎಂದು ತಿಳಿದ ಕೂಡಲೇ ವಿಚಾರಣೆ ಮುಗಿಯಿತು. ‘ನಮ್ಮವರು’ ಎಂದಾದ ಮೇಲೆ ಹಿತ್ತಲಿಗೆ ಹೋಗಿ ನೋಡುವುದು ಅವಮರ್ಯಾದೆ. ಬಣ್ಣದ ಪುಸ್ತಕವೊಂದನ್ನು ಹಿಡಿದು ಹಿಂದಿರುಗಿದರು. ಮುಖಪುಟದಲ್ಲಿ ನೀಲಿ ಕೆರೆ, ಕೆರೆಯಲ್ಲಿ ದೋಣಿ.

“ಕೆರಿ ನೀ ಕಣ್ಣಲೆ ನೋಡಿದೇನು?” ಎಂದು ಕೇಳಿದೆ.

“ಫೋಟೋದಾಗ ಐತಲ್ಲಪ್ಪಾ.”

“ಫೋಟೋದಾಗ ನಾನೂ ಚಂದ ಕಾಣತೀನಿ.”

“ಮಾತು ಕೊಟ್ಟು ಬಂದೀವಿ. ಕಾಲೇಜಿನ ಮೆಟ್ಟಲಾ ಹತ್ತಿದವರಲ್ಲ ನೀವು, ನಿಮಗೇನ ತಿಳೀತೈತ್ರಿ?”

ಹತ್ತಿದವನಲ್ಲ, ನಿಜ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು, ಸಿಕಂದರಾಬಾದ್ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗಂಟುಗಳಿಗೆ ಚೀಟಿ ಹಚ್ಚುತ್ತ ನಾಲ್ಕು ಲಿಪಿಗಳನ್ನು ಓದಲು ಕಲಿತವನು. ಚೀಟಿಯಲ್ಲಿ ಬರೆದದ್ದೇ ಪೆಟ್ಟಿಗೆಯೊಳಗೆ ಇರುತ್ತದೆಂದು ನಂಬಬಾರದು ಎಂಬುದನ್ನೂ ಅಲ್ಲಿಯೇ ಕಲಿತೆ.

ಮರುದಿನ ಮೊಮ್ಮಗಳನ್ನು ಕರೆದುಕೊಂಡು ಎರಡು ಬಸ್ಸು ಬದಲಿಸಿ ಹೋದೆ. ಗ್ರಂಥಾಲಯದಲ್ಲಿ ಕೈಗೆ ಸಿಕ್ಕ ಹತ್ತಾರು ಪುಸ್ತಕಗಳ ಕೊನೆಯ ಪುಟ ತೆರೆದೆ. ಹಿಂದಿರುಗಿಸುವ ತಾರೀಖು ಒತ್ತುವ ಚೀಟಿ ಒಂದರಲ್ಲೂ ಮಸಿ ಇರಲಿಲ್ಲ. ಆಟದ ಬಯಲಿನಲ್ಲಿ ವಾಲಿಬಾಲ್ ಬಲೆ ಹೊಸದು, ಅದರ ಕೆಳಗೆ ಮೊಣಕಾಲುದ್ದ ಹುಲ್ಲು. ಹಿತ್ತಲಿಗೆ ಹೋದೆವು. ಲಾರಿಗಳು ಕೆಂಪು ಮಣ್ಣು ಸುರಿಯುತ್ತಿದ್ದವು. ಸಲಿಕೆ ಹಿಡಿದಿದ್ದ ಹೆಂಗಸಿನ ಮಾತು ಕೇಳಿದರೆ ಯಾದಗಿರಿಯ ಕಡೆಯವಳೆಂದು ಗೊತ್ತಾಗುತ್ತಿತ್ತು.

“ಯವ್ವಾ, ಇಲ್ಲಿ ಕೆರಿ ಎಲ್ಲೈತಿ?”

“ನೀವು ನಿಂತದ್ದ ಕೆರ್ಯಾಗ ನೋಡ್ರಿ ಅಜ್ಜಾರ. ಮೂರು ತಿಂಗಳಾತು, ಮಣ್ಣ ಹಾಕಾಕತ್ತೀವಿ.”

“ಮತ್ತ ದೋಣಿ?” ಎಂದಳು ಮೊಮ್ಮಗಳು.

ಆ ಹೆಂಗಸು ಸಲಿಕೆಗೆ ಒರಗಿ ನಕ್ಕಳು. “ದೋಣಿ ಎಲ್ಲೀದು ತಂಗಿ! ಲಾರಿ ಹಿಂದಕ್ಕ ಬರಾಕತ್ತೈತಿ, ಸರದು ನಿಂದ್ರು.”

ಮೆಹದಿಪಟ್ಟಣದಲ್ಲಿ ಹುಡುಗಿ ನನ್ನ ಕೈ ಹಿಡಿದು ಎರಡನೆಯ ಬಸ್ಸು ಹತ್ತಿಸಿದಳು. ಆಮೇಲೆ ಹೇಳಿದಳು: “ಅಜ್ಜಾ, ಈ ಕಾಲೇಜು ನನಗ ಬ್ಯಾಡ. ಅಪ್ಪಗ ನಾನ ಹೇಳತೀನಿ. ನೀವು ಬಾಯಿ ತೆಗೀಬ್ಯಾಡ್ರಿ. ತೆಗದ್ರ ನಿಮ್ಮಿಬ್ಬರ ಜಗಳ ಆಗತೈತಿ, ನನ್ನ ಮಾತು ಹಿಂದ ಬೀಳತೈತಿ.”

ಓದುಗರು ಇದನ್ನು ಗಮನಿಸಬೇಕು. ಯಾರ ಹಟದಿಂದ ಆ ಕಾಲೇಜು ತಪ್ಪಿತೆಂದು ಊರೆಲ್ಲ ಹೇಳುತ್ತದೆಯೋ, ಆ ಮನುಷ್ಯ ಮೂರು ದಿನ ತನ್ನ ಮನೆಯಲ್ಲಿಯೇ ತುಟಿ ಹೊಲಿದುಕೊಂಡು ಕುಳಿತಿದ್ದ. ಆ ಮೂರು ದಿನಗಳಲ್ಲಿ ಅವಳೊಬ್ಬಳೇ ತಿರುಗಿ ಇನ್ನೊಂದು ಕಾಲೇಜನ್ನು ಹುಡುಕಿದಳು. ಸಿಕಂದರಾಬಾದಿನ ದಿಕ್ಕಿಗೆ, ಸುಣ್ಣ ಉದುರುವ ಹಳೆಯ ಕಟ್ಟಡ. ಆದರೆ ಪುಸ್ತಕದ ಚೀಟಿಗಳ ಮೇಲೆ ತಾರೀಖಿನ ಮೇಲೆ ತಾರೀಖು ಒತ್ತಿತ್ತಂತೆ, ಮೈದಾನದಲ್ಲಿ ಹುಲ್ಲು ಬೆಳೆಯಲು ಹುಡುಗಿಯರು ಬಿಟ್ಟಿರಲಿಲ್ಲವಂತೆ. ಗೇಟಿನಿಂದ ಹುಸೇನ್ ಸಾಗರಕ್ಕೆ ನಡೆದೇ ಹೋಗಬಹುದಿತ್ತು.

“ಕೊಟ್ಟ ಮಾತು ಮುರದು ಆ ಬೀದರದವರಿಗೆ ಏನ ಮುಖಾ ತೋರಸ್ಲಿ?” ಎಂದು, ಅವಳು ಎಲ್ಲ ತಿಳಿಸಿದ ಮೇಲೆ, ನನ್ನ ಮಗ ಕೂಗಾಡಿದ.

“ಲಗ್ನಾ ಮುರದವರಂಗ ಯಾಕ ಮಾಡತೀರಿ ಅಪ್ಪಾ? ಕಾಲೇಜೈತಿ ಅದು.”

ಕೊನೆಗೆ ಒಪ್ಪಿದ. ಆದರೆ ಜೀಪಿನಲ್ಲಿ ಬಂದಿದ್ದ ಹಿರಿಯರಿಗೆ ಹೇಳಲು ಒಂದು ಕಾರಣ ಬೇಕಾಗಿತ್ತು. ಮಗಳ ಮಾತಿಗೆ ಮಣಿದೆ ಎಂದರೆ ತಲೆ ತಗ್ಗುತ್ತದೆ. ಮೋಸ ಹೋದೆ ಎಂದರೆ ಇನ್ನೂ ತಗ್ಗುತ್ತದೆ. ಫೋನಿನಲ್ಲಿ ಅವನು ಹೇಳಿದ್ದು ಪಡಸಾಲೆಯಲ್ಲಿ ಕುಳಿತಿದ್ದ ನನಗೆ ಕೇಳಿಸಿತು: “ಏನ ಮಾಡ್ಲಿರಿ, ನಮ್ಮಪ್ಪ ಭಾಳ ಹಟಾ ಹಿಡದಾರ.”

ಒಂದು ದಿನದ ಮರ್ಯಾದೆ ಉಳಿಸಲು ಆಡಿದ ಮಾತೆಂದು ಅಂದು ಸುಮ್ಮನಾದೆ. ಅದು ನನ್ನ ತಪ್ಪು. ಸುಮ್ಮನೆ ಬಿಟ್ಟ ಸುಳ್ಳಿಗೆ ವಯಸ್ಸಾಗುತ್ತ ಹೋದಂತೆ ಚರಿತ್ರೆಯ ಗೌರವ ಬರುತ್ತದೆ. ನನ್ನನ್ನು ಹಟಮಾರಿ ಎನ್ನಲಿ, ಅದು ನನಗೆ ಹೊಸದಲ್ಲ. ಹದಿನೇಳು ವರ್ಷದ ಹುಡುಗಿ ತಾನೇ ನೋಡಿ, ತಾನೇ ತೂಗಿ, ತಾನೇ ಮಾಡಿದ ಆಯ್ಕೆಯನ್ನು ಅವಳ ಕೈಯಿಂದ ಕಿತ್ತು ಮುದುಕನೊಬ್ಬನ ಹಟಕ್ಕೆ ಹಚ್ಚಿದ್ದಾರಲ್ಲ, ಅದನ್ನು ನಾನು ಕ್ಷಮಿಸಲಾರೆ.

ಅವಳು ಸೇರಿದ ಕಾಲೇಜಿನ ಅರ್ಜಿಯ ನಕಲು ಪ್ರತಿ ನನ್ನ ಕಪಾಟಿನಲ್ಲಿದೆ. ‘ಈ ಕಾಲೇಜನ್ನು ಆರಿಸಿದವರು’ ಎಂಬ ಸಾಲಿನ ಮುಂದೆ ‘ನಾನೇ’ ಎಂದು ಅವಳ ಅಕ್ಷರದಲ್ಲಿದೆ. ಪಾಲಕರ ಸಹಿಯ ಜಾಗದಲ್ಲಿರುವುದು ನನ್ನ ಸಹಿಯಲ್ಲ, ನನ್ನ ಮಗನದು. ಬೇಕಾದವರು ಬಂದು ನೋಡಬಹುದು.