ಬುಡದಲ್ಲಿ ನಿಂತ ತ್ರಿಕೋನ

ಇವತ್ತು ಬೆಳಿಗ್ಗೆ ದೋಟಿಯ ಒಂದು ಜೋಡಣೆ ಬಿಟ್ಟುಕೊಂಡಿತೆಂದು ಅಂಟು ಹಚ್ಚುತ್ತ ಕೂತಿದ್ದೆ. ಆ ಅಂಟಿನ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ, ಒಮ್ಮೆ ಮೂಗಿಗೆ ಹೊಕ್ಕರೆ ಮಧ್ಯಾಹ್ನದ ಸಾರಿಗೂ ಅದರದ್ದೇ ರುಚಿ. ದೋಟಿ ಎಂದರೆ ಹಿಂದಿನ ಬಿದಿರಿನದ್ದಲ್ಲ, ಈಗಿನ ಕಾರ್ಬನ್ ಫೈಬರಿನದ್ದು. ಒಂದರೊಳಗೊಂದು ಕೊಳವೆ, ಎಳೆದಷ್ಟೂ ಉದ್ದ. ನೆಲದಲ್ಲೇ ನಿಂತು ಮರದ ತುದಿಯ ಅಡಿಕೆ ಗೊನೆ ಕೊಯ್ಯಬಹುದು. ಪುತ್ತೂರು, ಸುಳ್ಯ, ಕಡಬ ಎಂದು ಕರೆದಲ್ಲಿಗೆಲ್ಲ ಅದನ್ನು ಹಿಡಿದುಕೊಂಡು ಹೋಗುವುದು ನನ್ನ ಕೆಲಸ. ಏಳನೆಯಲ್ಲಿ ಶಾಲೆ ಬಿಟ್ಟವನು ನಾನು. ನಾನು ಬಿಟ್ಟದ್ದು, ಶಾಲೆ ನನ್ನನ್ನು ಬಿಟ್ಟದ್ದಲ್ಲ. ಈ ವ್ಯತ್ಯಾಸವನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದಿದ್ದೇನೆ.

ಅಂಟಿನ ವಾಸನೆ ಬಂದಾಗಲೆಲ್ಲ ಅಶ್ವಿನಿ ಎಂಬ ಹುಡುಗಿಯ ನೆನಪಾಗುತ್ತದೆ. ಗಾಬರಿ ಬೇಡ, ಹೆಂಡತಿಯ ಎದುರು ಹೇಳಬಹುದಾದ ನೆನಪೇ. ಕೆಲವು ವರ್ಷಗಳ ಹಿಂದೆ ಕಡಬದ ಒಂದು ತೋಟದಲ್ಲಿ ಹೀಗೇ ಅಂಟು ಹಚ್ಚುತ್ತಿದ್ದಾಗ ದೋಟಿಯ ವಿಷಯ ಕೇಳಿಕೊಂಡು ಬಂದಿದ್ದಳು. ಕೊಯಿಲ ಕಡೆಯವಳು, ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಗಟ್ಟಿ ವಸ್ತುಗಳು ಹೇಗೆ ಬಾಗುತ್ತವೆ, ಎಲ್ಲಿ ಮುರಿಯುತ್ತವೆ ಎಂಬುದನ್ನು ಅವು ಮುರಿಯುವ ಮೊದಲೇ ಕಂಪ್ಯೂಟರಿನಲ್ಲಿ ನೋಡುವ ವಿದ್ಯೆಯಂತೆ. ಮುರಿದ ಮೇಲೆ ಅಂಟು ಹಚ್ಚುವ ವಿದ್ಯೆ ಮಾತ್ರ ನನಗೆ ಗೊತ್ತಿತ್ತು.

"ಇದು ಕಲಿತರೆ ಕೆಲಸ ಸಿಗ್ತದಾ ಮೇಡಂ?" ಎಂದು ಕೇಳಿದೆ.

"ಬೇಕಾದಷ್ಟು ಉಂಟು ಅಣ್ಣ. ವಿಮಾನದ ರೆಕ್ಕೆ, ಆಪರೇಶನ್ ಮಾಡಿ ಹಾಕುವ ಮೂಳೆ, ಮೊಬೈಲಿನ ಗಾಜು, ಎಲ್ಲದಕ್ಕೂ ಈ ಲೆಕ್ಕ ಬೇಕು. ನಾನು ದೋಟಿ ತಕೊಂಡೆ. ತುದಿ ಅಲ್ಲಾಡುದು ಎಷ್ಟು ಕಡಿಮೆ ಮಾಡ್ಲಿಕ್ಕೆ ಆಗ್ತದೆ ಅಂತ ನೋಡುದು."

ವಿಮಾನ, ಮೂಳೆ, ಆಮೇಲೆ ನನ್ನ ದೋಟಿ. ಆ ದಿನ ಕಡಬ ಪೇಟೆಯಲ್ಲಿ ನಾನು ಸ್ವಲ್ಪ ಅಗಲವಾಗಿ ನಡೆದಿರಬೇಕು, ಹಿಂದಿನಿಂದ ಜೀಪಿನವನು ಹಾರ್ನ್ ಹಾಕಿದ.

ಒಂದು ವಾರ ಬಿಟ್ಟು ಅವಳು ಲ್ಯಾಪ್‌ಟಾಪು ಹಿಡಿದು ಮನೆಗೇ ಬಂದಳು. ಪರದೆಯ ಮೇಲೆ ನನ್ನ ದೋಟಿ ಬಣ್ಣಬಣ್ಣವಾಗಿ ಬಾಗಿ ನಿಂತಿತ್ತು. ನೋವಾಗುವ ಜಾಗ ಕೆಂಪು, ಆರಾಮದ ಜಾಗ ನೀಲಿ. ಚಂದ ಇತ್ತು. ಬುಡದಲ್ಲಿ ಮಾತ್ರ ಒಂದು ಸಣ್ಣ ತ್ರಿಕೋನ, ಅದರ ಕೆಳಗೆ ನಾಲ್ಕು ಗೀರು.

"ಇದೆಂತ?"

"ಅದು ನೀವು ಅಣ್ಣ."

"ನಾನಾ?"

"ಹಿಡಿದವರು ಅಲ್ಲಾಡುದಿಲ್ಲ ಅಂತ ಇಟ್ಟುಕೊಂಡದ್ದು. ಗೋಡೆಯ ಹಾಗೆ, ಕಾಂಕ್ರೀಟಿನ ಹಾಗೆ. ಲೆಕ್ಕ ಸುಲಭ ಆಗ್ತದೆ."

ಚಾ ತಂದ ಹೆಂಡತಿ ಬಗ್ಗಿ ನೋಡಿದಳು. "ಸರಿ ಉಂಟಲ್ಲ. ಮದುವೆಯಾದ ವರ್ಷವೇ ನಾನು ಇದನ್ನು ಹೇಳಿದ್ದೆ" ಎಂದಳು.

ನಗುವವರು ನಗಲಿ. ಇಡೀ ದಿನ ಆಕಾಶ ನೋಡಿ ಕುತ್ತಿಗೆ ಸೆಟೆದುಕೊಂಡವನು ನಾನು. ದೋಟಿಗೆ ಅಷ್ಟು ಬಣ್ಣ ಕೊಟ್ಟು, ಹಿಡಿದ ಮನುಷ್ಯನಿಗೆ ನಾಲ್ಕು ಗೀರು ಕೊಟ್ಟರೆ ಯಾರು ಸಹಿಸುತ್ತಾರೆ ಹೇಳಿ. "ನನ್ನನ್ನು ಸರಿಯಾಗಿ ಹಾಕಿ ಮೇಡಂ. ಇಲ್ಲದಿದ್ದರೆ ದೋಟಿಯನ್ನೂ ತೆಗೀರಿ" ಎಂದೆ. ಅವಳು ಪಾಪ, ಸಿಟ್ಟಾಗಲಿಲ್ಲ. ಹಾಗಾದರೆ ನಿಮ್ಮನ್ನೂ ಅಳೆಯಬೇಕು, ತೋಟದಲ್ಲಿ ಸೋಗೆ ತಾಗಿ ಲೆಕ್ಕ ತಪ್ಪುತ್ತದೆ, ಬಯಲು ಬೇಕು ಎಂದಳು.

ಹಾಗೆ ಒಂದು ಭಾನುವಾರ ಊರಿನ ವಾಲಿಬಾಲ್ ಮೈದಾನದಲ್ಲಿ ನನ್ನ ಮೊಣಕಾಲು, ಸೊಂಟ, ಭುಜಗಳಿಗೆ ಬೆಂಕಿಪೆಟ್ಟಿಗೆಯಷ್ಟು ಸಣ್ಣ ಯಂತ್ರಗಳನ್ನು ಕಟ್ಟಿದಳು. ನಾನು ಇಸ್ತ್ರಿ ಹಾಕಿದ ಅಂಗಿ ತೊಟ್ಟಿದ್ದೆ. ಅಡಿಕೆಯಿರಲಿ, ಒಂದು ಹುಲ್ಲುಕಡ್ಡಿಯೂ ಇಲ್ಲದ ಆಕಾಶಕ್ಕೆ ದೋಟಿ ಎತ್ತಿ ನಿಂತೆ. ಆಟ ನಿಲ್ಲಿಸಿ ಜನ ಸೇರಿದರು.

"ಎಂತ ಮಾರಾಯ, ಮೋಡ ಕೊಯ್ಯುದಾ?" ಎಂದು ರಿಕ್ಷಾದ ಹಮೀದ್ ಕೇಳಿದ. ಅವನು ನನ್ನ ಹಳೆಯ ಸ್ನೇಹಿತ, ಆದ್ದರಿಂದ ಸುಮ್ಮನಿರುವವನಲ್ಲ. "ಹಣ್ಣಾದದ್ದು ನೋಡಿ ಕೊಯ್ಯಿ. ಕಾಯಿ ಮೋಡಕ್ಕೆ ರೇಟು ಇಲ್ಲ."

ಅಷ್ಟು ಜನರ ಎದುರು ಮರ್ಯಾದೆಯ ಪ್ರಶ್ನೆ. ಮದುವೆಮನೆಯ ಫೋಟೋಕ್ಕೆ ನಿಲ್ಲುವ ಹಾಗೆ ಎದೆ ಉಬ್ಬಿಸಿ, ಉಸಿರು ಕಟ್ಟಿ ನಿಂತೆ. ಅಳತೆ ಮುಗಿಸಿದ ಅಶ್ವಿನಿ ಪರದೆ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಪರದೆ ನೋಡಿದಳು.

"ಬೇಜಾರು ಮಾಡಬೇಡಿ ಅಣ್ಣ. ಲೆಕ್ಕದ ಪ್ರಕಾರ ನೀವು ಕಾಂಕ್ರೀಟೇ."

ಹೀಗೆ ಶರೀರವನ್ನೇ ಸಾಕ್ಷಿಗೆ ಕೊಟ್ಟು ನಾನೇ ನನ್ನ ಮೇಲಿನ ಆರೋಪವನ್ನು ಸಾಬೀತು ಮಾಡಿದೆ.

"ಕೆಲಸ ಮಾಡುವಾಗ ಹೀಗೆ ನಿಲ್ಲುದಿಲ್ಲ ಇವರು" ಎಂದಳು ಹೆಂಡತಿ. ಅವಳೂ ಬಂದಿದ್ದಳು, ಬುತ್ತಿಯ ನೆಪ, ನೋಡುವ ಆಸೆ. "ಗೊನೆಯೊಟ್ಟಿಗೆ ಮಾತಾಡ್ತಾರೆ. ಬಾಯಿ ನಿಂತರೆ ಕೈಯೂ ನಿಲ್ತದೆ."

ಅದು ಸತ್ಯ. ನನ್ನದೊಬ್ಬನದ್ದಲ್ಲ, ನಾನು ಕಂಡ ದೋಟಿಯವರೆಲ್ಲರ ಅಭ್ಯಾಸ. ತುದಿಯ ಕತ್ತಿ ಗೊನೆಗೆ ಸಿಕ್ಕುವವರೆಗೆ "ಬಲ ಬಲ, ಮೆಲ್ಲ" ಎಂದು, ಅಂದರೆ ಬಾ ಬಾ, ಮೆಲ್ಲಗೆ ಎಂದು, ತುಳುವಿನಲ್ಲಿ ಕರೆಯುತ್ತೇವೆ, ಮುದ್ದು ಮಾಡುತ್ತೇವೆ, ಬಾರದಿದ್ದರೆ ಅದರ ಕುಟುಂಬವನ್ನೂ ಬಯ್ಯುತ್ತೇವೆ. ಆದರೆ ತೋಟದ ಮರೆಯಲ್ಲಿ ಮಾಡುವುದನ್ನು ಮೈದಾನದಲ್ಲಿ, ಇಲ್ಲದ ಗೊನೆಗೆ, ಇಸ್ತ್ರಿ ಅಂಗಿಯಲ್ಲಿ? ಮಾತಾಡಿದರೆ ಊರಿನ ಪಾಲಿಗೆ ಮರುಳ. ಮಾತಾಡದಿದ್ದರೆ ಕಂಪ್ಯೂಟರಿನ ಪಾಲಿಗೆ ಕಲ್ಲು. ನೀವಾದರೆ ಯಾವುದನ್ನು ಆರಿಸುತ್ತಿದ್ದಿರೋ ಗೊತ್ತಿಲ್ಲ.

ಕಣ್ಣು ಮೇಲೆ ಮಾಡಿ, ಮೊದಲು ಗಂಟಲಲ್ಲೇ, "ಬಲ" ಎಂದೆ.

"ಬರುದಿಲ್ಲ" ಎಂದ ಹಮೀದ್, ಗೊನೆಯ ಪರವಾಗಿ.

"ಬಾರದೆ ಎಲ್ಲಿಗೆ ಹೋಗ್ತೀ?"

"ನೀನು ಹೋದ ವರ್ಷ ನನ್ನ ತಮ್ಮನನ್ನು ಕೆಸರಿಗೆ ಬೀಳಿಸಿದ್ದಿ. ಬರುದಿಲ್ಲ."

ಆ ಅಧಿಕಪ್ರಸಂಗಿ ಗೊನೆಗೆ ಬಯ್ಯುತ್ತ ಬಯ್ಯುತ್ತ ನನಗೆ ಮೈದಾನ ಮರೆತುಹೋಯಿತು. ಮೊಣಕಾಲು ಸಡಿಲಾಯಿತು, ಸೊಂಟ ತಿರುಗಿತು, ಅಂಗಿ ಒದ್ದೆಯಾಯಿತು. ನಿಲ್ಲಿಸಿದಾಗ ಯಾರೂ ನಗುತ್ತಿರಲಿಲ್ಲ. ಎಲ್ಲರೂ ಕುತ್ತಿಗೆ ಎತ್ತಿ, ಗೊನೆ ಬೀಳುವುದನ್ನು ಕಾಯುತ್ತಿದ್ದರು.

ಹೊಸ ಚಿತ್ರದಲ್ಲಿ ತ್ರಿಕೋನ ಹೋಗಿ ಒಂದು ಸ್ಪ್ರಿಂಗು, ಅದರ ಪಕ್ಕ ಸೈಕಲ್ ಪಂಪಿನಂಥದ್ದೊಂದು ಬಂತು.

"ಮುಖ ಹಾಕ್ಲಿಕ್ಕೆ ಆಗುದಿಲ್ವಾ?" ಎಂದು ಕೇಳಿದೆ.

"ಇಲ್ಲ ಅಣ್ಣ. ಮನುಷ್ಯನನ್ನು ಪೂರ್ತಿ ಲೆಕ್ಕಕ್ಕೆ ತರ್ಲಿಕ್ಕೆ ಯಾರಿಗೂ ಇನ್ನೂ ಆಗ್ಲಿಲ್ಲ. ಅದಕ್ಕೇ ಈ ವಿಷಯದಲ್ಲಿ ಇನ್ನೂ ಎಷ್ಟೋ ಜನರಿಗೆ ಕೆಲಸ ಉಂಟು."

ಆಗ ನನಗೆ ಆ ಉತ್ತರದಿಂದ ಸಮಾಧಾನವಾಗಿರಲಿಲ್ಲ. ಮುಖವಿಲ್ಲದ ಸ್ಪ್ರಿಂಗು ಎಂದರೆ ತ್ರಿಕೋನಕ್ಕಿಂತ ಎಷ್ಟು ದೊಡ್ಡ ಗೌರವ ಎಂದು ಬಹಳ ದಿನ ಮುಖ ಊದಿಸಿಕೊಂಡೇ ಇದ್ದೆ.

ಇವತ್ತು ಅಂಟು ಒಣಗುವಷ್ಟರಲ್ಲಿ ಅವಳದ್ದೇ ಫೋನು. ಈಗ ಅವಳ ಕೈಕೆಳಗೆ ಕಲಿಯುವವರಿದ್ದಾರೆ. ನನ್ನ ಸ್ಪ್ರಿಂಗಿನ ಲೆಕ್ಕ ಹಾಕಿ ದೋಟಿ ಹಿಡಿಯುವ ಒಂದು ಯಂತ್ರ ಮಾಡಿದ್ದಾರಂತೆ. ಎಲ್ಲ ಸರಿ, ತುದಿ ಅಲ್ಲಾಡುವುದು ಮಾತ್ರ ನಿಲ್ಲುವುದಿಲ್ಲವಂತೆ.

"ಅದಕ್ಕೆ ಒಂದು ಸಲ ನಿಮ್ಮ ಮಾತು ರೆಕಾರ್ಡ್ ಮಾಡಬೇಕಿತ್ತು ಅಣ್ಣ. ಮಾತಿನ ಯಾವ ಜಾಗದಲ್ಲಿ ಮೈ ಸಡಿಲ ಆಗ್ತದೆ ಅಂತ ನೋಡ್ಲಿಕ್ಕೆ. ಬಯ್ಯುವುದು ಸಹ ಬೇಕು, ಸಂಕೋಚ ಮಾಡಬೇಡಿ."

"ಬನ್ನಿ. ಆದರೆ ನಾನೊಬ್ಬನೇ ಮಾತಾಡಿದರೆ ಆಗುದಿಲ್ಲ ಮೇಡಂ" ಎಂದೆ. "ಗೊನೆಯವನೂ ಬೇಕು."

ಫೋನು ಇಟ್ಟು, ಹಮೀದನ ರಿಕ್ಷಾ ಸ್ಟ್ಯಾಂಡಿನಲ್ಲಿ ಉಂಟಾ ಎಂದು ನೋಡಲು ಹೊರಟೆ.