ಅವಳ ಕಾಲಿನೊಳಗಿನ ಸ್ಕ್ರೂ

ತಿ. ನರಸೀಪುರದಲ್ಲಿ ನನ್ನದು ಬೋರ್‌ವೆಲ್ ಮೋಟರ್ ರಿಪೇರಿ ಅಂಗಡಿ. ಬಾಗಿಲಲ್ಲಿ ತೂತು ಬಿದ್ದ ಒಂದು ಕಬ್ಬಿಣದ ಪೈಪು ತಂತಿಯಲ್ಲಿ ನೇತಾಡುತ್ತಿರುತ್ತೆ. "ಮನೇಲಿ ಬಿದ್ದಿತ್ತು, ಇದನ್ನೇ ಆಕ್ಬುಡಿ ಅಣ್ಣ" ಅಂತ ಯಾರಾದರೂ ಹಳೇ ಹಿತ್ತಾಳೆ ತುಂಡು ತಂದರೆ ಆ ಪೈಪು ತೋರಿಸಿ ಬೈಯುತ್ತೇನೆ. "ಎರಡು ಲೋಹ ಜೋಡಿಸಿ ಉಪ್ಪುನೀರಿಗೆ ಇಳಿಸಿದ್ರೆ ಅದು ಬ್ಯಾಟರಿ ಆಯ್ತದೆ ಕಣಯ್ಯ. ಒಂದು ಇನ್ನೊಂದನ್ನ ತಿಂದಾಕ್ತದೆ!" ಬನ್ನೂರು ಕಡೆ ರೈತರಿಗೆ ನನ್ನ ಈ ಭಾಷಣ ಬಾಯಿಪಾಠ.

ನಾನು ಓಡಿಸುತ್ತಿದ್ದ ಮೊಪೆಡ್ಡು ಜಾರಿ ನನ್ನ ಹೆಂಡತಿಯ ಕಾಲು ಮುರಿಯಿತು. ಮೊಣಕಾಲಿನ ಕೆಳಗೆ ಪ್ಲೇಟು ಕೂರಿಸಿ ಸ್ಕ್ರೂ ಹಾಕಿದರು. ಮೂಳೆ ಕೂಡಿತು ಅಂದರು. ಆಮೇಲೂ ಅವಳು ಕುಂಟುತ್ತಲೇ ಇದ್ದಳು.

"ಒಳಗೆ ಉರೀತದೆ ಕಣ್ರೀ," ಅನ್ನುತ್ತಿದ್ದಳು.

"ಸ್ಟೀಲ್ ಹಾಕವ್ರೆ, ಅದ್ಕೇನಾಯ್ತದೆ? ತುಕ್ಕು ಹಿಡಿಯಕ್ಕೆ ಅದೇನು ಪೈಪಾ? ಸುಮ್ನಿರು," ಅಂತ ರೇಗುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಎರಡು ವರ್ಷ ಹೀಗೇ ರೇಗಿದೆ. ಕೊನೆಗೆ ಅವಳು ಹೇಳುವುದನ್ನೇ ಬಿಟ್ಟಳು. ವಾಸಿಯಾಯಿತು ಅಂದುಕೊಂಡೆ.

ಒಂದು ದಿನ ಅವಳು ಸೀರೆ ಮೇಲೆತ್ತಿ ಕಾಲು ತೊಳೆಯುತ್ತಿದ್ದಳು. ಹಳೇ ಹೊಲಿಗೆ ಬಿಟ್ಟುಕೊಂಡು ಕಪ್ಪಗೆ ಏನೋ ಒಸರುತ್ತಿತ್ತು. ಆವತ್ತೇ ನಂಜನಗೂಡಿಗೆ ಕರೆದುಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದೆ. ಮತ್ತೆ ಕುಯ್ದು ಎಲ್ಲ ತೆಗೆದರು.

ಮಾರನೇ ದಿನ ಡಾಕ್ಟರು ಆ ಪ್ಲೇಟನ್ನು ತಟ್ಟೆಯಲ್ಲಿಟ್ಟು ವಾರ್ಡಿಗೆ ತಂದರು. ಸ್ಕ್ರೂ ಕೂರುವ ಎರಡು ತೂತಿನ ಸುತ್ತ ಗುಳಿ ಬಿದ್ದಿತ್ತು. "ಪ್ಲೇಟು ಒಂದು ಲೋಹ, ಈ ಎರಡು ಸ್ಕ್ರೂ ಬೇರೆ ಲೋಹ. ಯಾರೋ ನೋಡದೆ ಹಾಕಿದಾರೆ. ಮೈಯೊಳಗಿರೋದೂ ಉಪ್ಪುನೀರೇ ಅಲ್ವಾ? ಬ್ಯಾಟರಿ ಥರ ಆಗಿ ಸವೆದಿದೆ. ಆ ಕಪ್ಪೆಲ್ಲ ಮಾಂಸಕ್ಕೆ ಇಳಿದು ಮೂಳೆ ಹಾಳಾಗಿದೆ," ಅಂದರು.

ನನ್ನ ಭಾಷಣವೇ. ನನಗೆ ಅಳು ಬರಲಿಲ್ಲ. ತೂತು ಎಷ್ಟು ಅಗಲವಾಗಿದೆ ಅಂತ ನೋಡುತ್ತಾ ನಿಂತಿದ್ದೆ. ಅಂಗಡಿಯಲ್ಲೂ ಹಾಗೇ ನೋಡುತ್ತೇನೆ.

"ಈ ಕಾಲು ಇನ್ನು ಮೊದಲಿನ ಹಾಗೆ ಆಗಲ್ಲ. ಕೋಲು ಬೇಕಾಗುತ್ತೆ," ಅಂದು ಡಾಕ್ಟರು ಅವಳ ಕಡೆ ತಿರುಗಿದರು. "ಒಂದು ವರ್ಷ ಮುಂಚೆ ಬಂದಿದ್ರೂ ಉಳಿಸಬಹುದಿತ್ತು. ಅಲ್ಲಮ್ಮಾ, ನೋವೇ ಇರಲಿಲ್ವಾ ನಿಮಗೆ?"

ಅವಳು ನನ್ನ ಮುಖ ನೋಡಲಿಲ್ಲ. ಹೊದಿಕೆ ಸರಿಮಾಡಿಕೊಂಡಳು.

"ಇರ್ಲಿಲ್ಲ ಸಾ. ಇದ್ದಿದ್ರೆ ಇವ್ರು ಸುಮ್ನೆ ಬುಡ್ತಿದ್ರಾ?"

ಡಾಕ್ಟರು ನನ್ನನ್ನು ನೋಡಿದರು. ನಾನು ಹೌದು ಅಂತ ತಲೆಯಾಡಿಸಿದೆ.