ಮೊದಲ ಸಂಪುಟದ ಜಗಳ

ನನ್ನನ್ನು ನೋಡಲು ಇಂಡಿ ಪಟ್ಟಣದಿಂದ ಗಂಡಿನ ಕಡೆಯವರು ಬಂದ ದಿನ ನಾನು ಗಂಡಿನ ಜೊತೆ ಗಟ್ಟಿ ದನಿಯಲ್ಲಿ ಜಗಳವಾಡಿದೆ. ಜಗಳ ಒಂದು ಕಾದಂಬರಿಯ ಬಗ್ಗೆ.

ಆಗ ನಾನು ಬಸವನ ಬಾಗೇವಾಡಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಒಮ್ಮೆ ವಿಜಯಪುರಕ್ಕೆ ಹೋದಾಗ ಇಟ್ಟಿಗೆಯಷ್ಟು ದಪ್ಪದ ಪುಸ್ತಕವೊಂದನ್ನು ಕೊಂಡು ತಂದಿದ್ದೆ. ಐದು ಸಂಪುಟಗಳಲ್ಲಿ ಬರಲಿದ್ದ ಅದ್ಭುತ ಲೋಕವೊಂದರ ಕತೆ. ಬಂದಿದ್ದದ್ದು ಮೊದಲ ಸಂಪುಟ ಮಾತ್ರ. ಒಂದು ಕಾಲಕ್ಕೆ ಸಮುದ್ರವಾಗಿದ್ದು ಈಗ ಬತ್ತಿಹೋದ ಬಯಲು. ಅದರ ತಳದ ಮೇಲೆ ಉಪ್ಪು ಮಾರುವವರ ತಂಡದ ಜೊತೆ ಒಬ್ಬ ಹುಡುಗಿ ದೂರದ ಕಲ್ಲಿನ ನಗರಕ್ಕೆ ನಡೆದು ಹೊರಟಿದ್ದಾಳೆ. ಅವಳ ಅಣ್ಣ ಅಲ್ಲಿ ಸೆರೆಯಲ್ಲಿದ್ದಾನೆ. ದಾರಿಯಲ್ಲಿ ರೆಕ್ಕೆಯ ಹಾವುಗಳಿವೆ, ಮಾತಾಡುವ ಬಾವಿಗಳಿವೆ. ಮೊದಲ ಹಾಳೆಯ ಮೇಲೆ ಆ ಲೋಕದ ನಕಾಶೆಯೂ ಇದೆ.

ನನಗೆ ಪುಸ್ತಕ ಹುಚ್ಚು ಹಿಡಿಸಿತ್ತು. ಓದಿ ಮುಗಿಸಿ ಮತ್ತೆ ಮೊದಲಿಂದ ಓದಿದೆ. ಬೇರೆ ಓದುಗರು ಏನನ್ನುತ್ತಾರೆಂದು ಫೋನಿನಲ್ಲಿ ಹುಡುಕಿ ನೋಡುತ್ತಿದ್ದೆ. ಕನ್ನಡದಲ್ಲಿ ಇಂಥದ್ದು ಬಂದೇ ಇರಲಿಲ್ಲ ಎಂದು ಕೆಲವರು ಬರೆದಿದ್ದರು. ಹೆಸರು ನೆನಪಿಟ್ಟುಕೊಳ್ಳುವುದರಲ್ಲೇ ಸುಸ್ತಾದೆವು ಎಂದವರೂ ಇದ್ದರು. ಆದರೆ ನಮ್ಮೂರಿನಲ್ಲಿ ಎದುರು ಕೂತು ಮಾತಾಡಲು ಅದನ್ನು ಓದಿದವರು ಯಾರೂ ಸಿಕ್ಕಿರಲಿಲ್ಲ.

ಹಾಗಿರುವಾಗ ಈ ಸಂಬಂಧ ಬಂತು. ಹುಡುಗ ಸಿಂದಗಿಯಲ್ಲಿ ಕಾಲೇಜು ಉಪನ್ಯಾಸಕ, ಮನೆ ಇಂಡಿಯಲ್ಲಿ, ಊರ ಹೊರಗೆ ನಿಂಬೆ ತೋಟ. ತಾಯಿ, ಒಬ್ಬ ಅತ್ತಿಗೆ, ಇಬ್ಬರು ಹಿರಿಯರನ್ನು ಕರೆದುಕೊಂಡು ಭಾನುವಾರ ಬಂದ. ಶಿರಾ, ಉಪ್ಪಿಟ್ಟು ಆಯಿತು. ಚಹಾ ಕೊಟ್ಟು ನಾನು ತಲೆ ಬಗ್ಗಿಸಿ ಕೂತದ್ದೂ ಆಯಿತು. ಆಮೇಲೆ ಅಪ್ಪನ ತಮ್ಮ, ನಮ್ಮ ಕಾಕಾ, "ಹುಡುಗರು ಒಂದೀಟು ಮಾತಾಡಲಿ" ಎಂದು ನಮ್ಮಿಬ್ಬರನ್ನು ಒಳಕೋಣೆಗೆ ಕಳಿಸಿದರು. ಬಾಗಿಲು ತೆರೆದೇ ಇತ್ತು.

ಅವನು ಕೂತಲ್ಲಿಂದ ಕೋಣೆಯನ್ನೆಲ್ಲ ನೋಡಿದ. ಏನು ಕೇಳಬೇಕೆಂದು ಅವನಿಗೂ ತಿಳಿದಿರಲಿಲ್ಲ. ಹೊಲಿಗೆ ಯಂತ್ರದ ಮೇಲಿದ್ದ ಪುಸ್ತಕ ಕಣ್ಣಿಗೆ ಬಿದ್ದಿತು.

"ಇದನ್ನ ನೀವು ಓದೀರೇನ್ರಿ?"

"ಎರಡು ಸಲ ಓದೇನ್ರಿ," ಎಂದೆ. ನನಗೆ ಒಳಗೇ ಹಿಗ್ಗು. "ನೀವು?"

"ಅರ್ಧಕ್ಕ ಬಿಟ್ಟೇನ್ರಿ."

ನನ್ನ ಮುಖ ಸಪ್ಪಗಾದದ್ದನ್ನು ಅವನು ನೋಡಿರಬೇಕು. ಸಮಾಧಾನ ಹೇಳುವವನಂತೆ ಶುರು ಮಾಡಿದ. "ಅಲ್ರೀ, ಬರೇ ನಡೀತಾರ. ನಡೀತಾರ, ಉಣ್ತಾರ, ಮಲಗ್ತಾರ, ಮುಂಜಾನೆ ಎದ್ದು ಮತ್ತ ನಡೀತಾರ. ಒಂದು ಯುದ್ಧ ಇಲ್ಲ, ಏನಿಲ್ಲ."

"ನಡೀದಿದ್ರ ಆ ಬಯಲು ಎಷ್ಟು ದೊಡ್ಡದು ಅಂತ ನಿಮಗ ಹ್ಯಾಂಗ ಗೊತ್ತಾಗಬೇಕ್ರಿ?"

"ದೊಡ್ಡದೈತಿ ಅಂತ ಒಂದು ಸಾಲು ಬರದ್ರ ಸಾಕಲ್ರಿ!"

ಅಲ್ಲಿಂದ ನನಗೆ ಎಲ್ಲಿ ಕೂತಿದ್ದೇನೆ ಎಂಬುದು ಮರೆತುಹೋಯಿತು. ಹುಡುಗಿಯ ಚಪ್ಪಲಿ ಹರಿದು ಅವಳು ಉಪ್ಪಿನ ಮೇಲೆ ಬರಿಗಾಲಲ್ಲಿ ನಡೆಯುವ ಅಧ್ಯಾಯ ಓದಿದ್ದಾನೆಯೇ ಎಂದು ಕೇಳಿದೆ. ಓದಿದ್ದೇನೆ, ಹೊಸ ಚಪ್ಪಲಿ ಸಿಗುವುದಕ್ಕೆ ನಲವತ್ತು ಪುಟ ಯಾಕೆ ಬೇಕು ಎಂದ. ನಿಮಗೆ ತಾಳ್ಮೆ ಇಲ್ಲ ಎಂದೆ. ಬರೆದವರಿಗೆ ಕತ್ತರಿ ಇಲ್ಲ ಎಂದ. ನನ್ನ ದನಿ ಏರಿತು, ಅವನದೂ ಏರಿತು. ಹೊರಗೆ ಮಾತು ನಿಂತು, ಕಾಕಾ ದೊಡ್ಡದಾಗಿ ಕೆಮ್ಮಿದ್ದು ಕೇಳಿಸಿತು. ಅವನು ಎದ್ದು ಹೊರಗೆ ಹೋದ.

ಬಂದವರು ಎದ್ದರು. "ವಿಚಾರ ಮಾಡಿ ಹೇಳ್ತೀವ್ರಿ" ಎಂದು ಹುಡುಗನ ಕಡೆಯ ಹಿರಿಯರೊಬ್ಬರು ಅಪ್ಪನಿಗೆ ಹೇಳಿದರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತಿತ್ತು. ಗಾಡಿ ತಿರುವು ದಾಟುವುದೇ ತಡ, ಅವ್ವ ಒಳಗೆ ಬಂದಳು.

"ಅಂಥಾದ್ದೇನ ಕೇಳಿದಾ ಅಂವ? ವರದಕ್ಷಿಣಿ ಕೇಳಿದ್ನ?"

"ಇಲ್ಲವ್ವಾ. ಆ ಪುಸ್ತಕ ಛಲೋ ಇಲ್ಲ ಅಂದ."

ಅವ್ವ ಪುಸ್ತಕವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಅಂವ ಇಲ್ಲ ಅಂದ್ರ ನೀನೂ ಇಲ್ಲ ಅನ್ನಬೇಕಿಲ್ಲೊ? ಅದೇನ ನಿನ್ನ ಹೊಟ್ಟ್ಯಾಗ ಹುಟ್ಟಿದ್ದ?"

ಮರುದಿನ ಅಂಗಡಿಗೆ ಹೊರಟಾಗ ಪುಸ್ತಕ ಅಪ್ಪನ ಕಂಕುಳಲ್ಲಿತ್ತು. ಮಗಳು ಯಾವುದಕ್ಕೆ ಒಂದು ಸಂಬಂಧ ಕಳೆದುಕೊಂಡಳು ಎಂದು ನೋಡುವ ಆಸೆ ಅವರಿಗೆ. ಗಿರಾಕಿ ಕಡಿಮೆಯಿರುವ ಮಧ್ಯಾಹ್ನಗಳಲ್ಲಿ ಗಾದಿಯ ಮೇಲೆ ಒರಗಿ ಓದಿದರಂತೆ. ವಾರದ ಕೊನೆಗೆ ಊಟಕ್ಕೆ ಕೂತಾಗ ತಮ್ಮ ತೀರ್ಮಾನ ಹೇಳಿದರು.

"ನಡ್ಯಾಣ ಹೆಚ್ಚೂ ಇಲ್ಲ, ಕಡಿಮೀನೂ ಇಲ್ಲ, ಬರೋಬ್ಬರಿ ಐತಿ. ಆದ್ರ ಆ ಉಪ್ಪಿನ ಮಂದಿ ವ್ಯಾಪಾರ ಮಾಡೂದು ಒಂದೀಟೂ ಸರಿ ಇಲ್ಲ. ಮುಂದ ನೀರ ಸಿಗತೈತೊ ಇಲ್ಲೊ ಗೊತ್ತಿಲ್ಲದ ಹಾದ್ಯಾಗ ಯಾರರ ಇದ್ದ ನೀರ ಕೊಟ್ಟು ಕುದುರಿ ತಗೋತಾರೇನ? ರೆಕ್ಕಿ ಹಾವು ಬೇಕಾದ್ರ ನಂಬ್ತೇನಿ, ಇದನ್ನ ನಂಬೂದಿಲ್ಲ."

ನಾನು ಎರಡು ಸಲ ಓದಿದರೂ ಆ ಕುದುರೆಯ ಬಗ್ಗೆ ಯೋಚಿಸಿರಲಿಲ್ಲ. ಅಪ್ಪನ ಜೊತೆ ಆ ರಾತ್ರಿ ಊಟ ಮುಗಿಯುವವರೆಗೂ ವಾದ ಮಾಡಿದೆ. ಸಂಬಂಧ ಹೋದದ್ದನ್ನು ನಾವಿಬ್ಬರೂ ಮರೆತಿದ್ದೇವೆ ಎಂದು ಅವ್ವನಿಗೆ ಸಿಟ್ಟು.

ಆದರೆ ಸಂಬಂಧ ಹೋಗಿರಲಿಲ್ಲ. ಇಂಡಿಯಿಂದ ಫೋನ್ ಬಂತು. ಹುಡುಗ ಇನ್ನೊಮ್ಮೆ ಬರಬೇಕೆನ್ನುತ್ತಾನೆ, ಬರಬಹುದೇ ಎಂದು ಅವನ ತಾಯಿ ಕೇಳಿದರು. ಅವ್ವ ಗಡಿಬಿಡಿಯಲ್ಲಿ ಕಡಲೆಹಿಟ್ಟು ಕಲಸಿ ಮಿರ್ಚಿ ಭಜಿಗೆ ತಯಾರಿ ಮಾಡಿದಳು. ಈ ಸಲ ತಾಯಿ ಮಗ ಇಬ್ಬರೇ ಬಂದರು. ಅವನ ಕೈಯಲ್ಲಿ ಅದೇ ಪುಸ್ತಕ, ಅವನದೇ ಪ್ರತಿ.

ಕೂತವನೇ ಎಲ್ಲರ ಮುಂದೆ ನನಗೆ ಹೇಳಿದ: "ಉಳದ ಅರ್ಧ ಓದಿ ಮುಗಿಸೇನ್ರಿ. ನಡ್ಯಾಣದ ಬಗ್ಗೆ ನೀವು ಅಂದದ್ದು ಖರೇ ಐತಿ. ಬಯಲು ಮುಗಿದ ಮ್ಯಾಲ ನನಗೂ ಕಾಲು ನೋವಾದಂಗಾತು." ನಾನು ನಗುವಷ್ಟರಲ್ಲಿ ಮುಂದುವರಿಸಿದ. "ಆದ್ರ ಕೊನಿ ಮಾತ್ರ ಬರೇ ಮೋಸ. ಅಷ್ಟು ದೂರ ನಡಸಿಕೊಂಡು ಹೋಗಿ, ಕಲ್ಲಿನ ಊರಿನ ಬಾಗಿಲಿಗೆ ತಂದು ನಿಲ್ಲಿಸಿ, ಬಾಗಿಲಾ ತೆಗೀಲಾರದನ ಪುಸ್ತಕ ಮುಗಿಸೂದಾ?"

"ಬಾಗಿಲಾ ತೆಗದಿದ್ರ ಮುಂದಿನ ನಾಲ್ಕು ಸಂಪುಟದಾಗ ಏನ ಬರೀತಾರ್ರಿ?"

"ಅದು ಅವರ ಪಾಡು. ನಾ ಓದಿದ್ದಕ್ಕ ನನಗೊಂದು ಕೊನಿ ಬೇಕು."

ಅಪ್ಪ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಬಾಗಿಲಾ ಹೋಗ್ಲಿ ಬಿಡ್ರಿ. ಆ ಕುದುರಿ ವ್ಯಾಪಾರದ ಬಗ್ಗೆ ನಿಮಗ ಏನ ಅನಸ್ತು?"

ಭಜಿಯ ತಟ್ಟೆ ಎರಡು ಸಲ ತುಂಬಿ ಖಾಲಿಯಾಯಿತು. ಮೂವರಲ್ಲಿ ಒಬ್ಬರೂ ಇನ್ನೊಬ್ಬರ ಮಾತು ಒಪ್ಪಲಿಲ್ಲ. ನಡುವೆ ಅವನು ನನ್ನ ಮಾತಿಗೆ ತಡೆ ಹಾಕದೆ, ಕೈಯಲ್ಲಿ ಅರ್ಧ ಭಜಿ ಹಿಡಿದು ಪೂರ್ತಿ ಕೇಳುತ್ತಿದ್ದುದನ್ನು ನೋಡಿದೆ. ಬಿಟ್ಟ ಪುಸ್ತಕವನ್ನು ನನ್ನ ಒಂದು ಮಾತಿಗಾಗಿ ಮತ್ತೆ ಕೈಗೆತ್ತಿಕೊಂಡಿದ್ದ. ಇವನನ್ನೇ ಮದುವೆಯಾಗಬೇಕು ಎಂದು ನನಗೆ ಅನಿಸಿದ್ದು ಆಗಲೇ.

ಅವನ ತಾಯಿಗೆ ಸಾಕಾಗಿತ್ತು. "ಅಲ್ಲೋ, ಈ ಹುಡುಗಿ ನಿನಗ ಒಪ್ಪಿಗಿ ಅದಾಳೊ ಇಲ್ಲೊ? ಅಷ್ಟ ಹೇಳು."

"ಹುಡುಗಿ ಒಪ್ಪಿಗಿ ಅದಾಳವ್ವಾ," ಎಂದ. "ಆಕಿ ಮಾತು ಒಪ್ಪಿಗಿ ಇಲ್ಲ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕಾಕಾನಿಗೆ ಫೋನ್ ಹೋಯಿತು. ಆ ಬೇಸಿಗೆಯಲ್ಲಿ ಮದುವೆಯಾಗಿ ನಾನು ಇಂಡಿಗೆ ಬಂದೆ. ಇಲ್ಲಿಯ ಒಂದು ಶಾಲೆಯಲ್ಲೇ ನನಗೆ ಕೆಲಸವೂ ಸಿಕ್ಕಿತು.

ನಮ್ಮ ಕಪಾಟಿನಲ್ಲಿ ಒಂದೇ ಪುಸ್ತಕದ ಎರಡು ಪ್ರತಿಗಳಾದವು. ಅತ್ತೆ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ನಮ್ಮ ದಿನನಿತ್ಯದ ವಾದ ಕೇಳಿ ಕೇಳಿ ಒಂದು ದಿನ ತಾವೇ ಒಂದು ಪ್ರತಿ ತೆಗೆದುಕೊಂಡರು. ಮಧ್ಯಾಹ್ನ ಚಾಪೆಯ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ತುಟಿ ಅಲುಗಿಸುತ್ತ ನಿಧಾನವಾಗಿ ಓದುತ್ತಿದ್ದರು. ಅವರು ಏನನ್ನುತ್ತಾರೋ ಎಂದು ನಾವಿಬ್ಬರೂ ಒಳಗೊಳಗೇ ಕಾಯುತ್ತಿದ್ದೆವು.

ಹೋದ ತಿಂಗಳು ಅವರ ಓದು ಮುಗಿಯಿತು. ಅಂಗಳದಲ್ಲಿ ತೋಟದಿಂದ ಬಂದ ನಿಂಬೆಹಣ್ಣುಗಳನ್ನು ಮೂವರೂ ಕೂತು ಆರಿಸುತ್ತಿದ್ದೆವು. ದೊಡ್ಡವು ಒಂದು ಕಡೆ, ಸಣ್ಣವು ಒಂದು ಕಡೆ.

"ಹ್ಯಾಂಗಿತ್ರಿ ಅತ್ತಿ?" ಎಂದೆ.

"ಓದಿಸ್ಕೊಂಡು ಹೋಗತೈತಿ," ಎಂದರು. "ಆದ್ರ ಆ ಹುಡುಗಿ ತನ್ನ ಅವ್ವನ್ನ ಮನ್ಯಾಗ ಒಬ್ಬಾಕಿನ್ನ ಬಿಟ್ಟು ಬರ್ತಾಳಲ್ಲ, ಆಮ್ಯಾಲ ಆ ಅವ್ವ ಏನಾದ್ಲು? ಇಡೀ ಪುಸ್ತಕದಾಗ ಒಮ್ಮಿಯರ ಆಕಿ ನೆನಪು ತಗದಾಳೇನು?"

ನಾನು ನೆನಪು ಮಾಡಿಕೊಂಡೆ. ಒಂದು ಬಾವಿಯ ಹತ್ತಿರ ತಾಯಿಯ ಹಾಡು ನೆನಪಾಗುವ ಜಾಗವಿದೆ ಎಂದೆ. ಅದು ಎರಡೇ ಸಾಲು ಎಂದರು ಅತ್ತೆ. ಎರಡು ಸಾಲಿನಲ್ಲೇ ಎಲ್ಲ ಬಂದಿದೆ ಎಂದು ನಾನು ಹಟ ಹಿಡಿದೆ. ಬೆಂಬಲಕ್ಕೆ ಅವನ ಕಡೆ ನೋಡಿದೆ.

"ಅವ್ವ ಅನ್ನೂದು ಖರೇ ಐತಿ," ಎಂದ ನನ್ನ ಗಂಡ. "ಚಪ್ಪಲಿಗೆ ನಲವತ್ತು ಪುಟ, ಹೆತ್ತಾಕಿಗೆ ಎರಡು ಸಾಲು."

ಅತ್ತೆ ಮಗನ ಬೆನ್ನಿಗೊಂದು ಗುದ್ದು ಕೊಟ್ಟು ನಕ್ಕರು. ಇಬ್ಬರೂ ಒಂದಾದ ಮೇಲೆ ನನ್ನ ಮಾತು ನಡೆಯುವಂತಿರಲಿಲ್ಲ. ಬಾವಿಯ ಆ ಪುಟ ತೆಗೆದು ಗಟ್ಟಿಯಾಗಿ ಓದಿ ತೋರಿಸಬೇಕೆಂದುಕೊಂಡು, ನಿಂಬೆಯ ಘಮ ಹತ್ತಿದ ಕೈ ತೊಳೆಯಲು ಎದ್ದೆ. ಹಿಂದಿನಿಂದ ಅತ್ತೆ, ಬರುವಾಗ ಚಹಾನೂ ತಗೊಂಡು ಬಾ ಎಂದರು.